ಬಿಸಿಯಾದರೆ ಚಾಲೂ ಆಗದ ಗಾಡಿ

ಹಿಂಡಲಗಾ ಕಾರಾಗೃಹ
೩ ಫೆಬ್ರುವರಿ ೨೦೨೫

ಕಾಂತಕ್ಕನವರಿಗೆ ಜಯ ಜಿನೇಂದ್ರ.

ಕಾಗದ ಎಲ್ಲಿಂದ ಬಂತೆಂದು ನೋಡಿ ಗಾಬರಿಯಾಗಬೇಡಿರಿ. ಇಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲ. ಹೋಗುವ ಬರುವ ಕಾಗದವನ್ನೆಲ್ಲ ಸಾಹೇಬರು ಓದಿಯೇ ಬಿಡುತ್ತಾರೆ. ಭೇಟಿಗೆ ಮಾತ್ರ ಬರಬೇಡಿರಿ. ಜಾಳಿಗೆಯ ಹಿಂದೆ ನಿಂತವನನ್ನು ಒಮ್ಮೆ ನೋಡಿದರೆ ಆಮೇಲೆ ನೀವು ನನ್ನನ್ನು ಮೊದಲಿನ ಹಾಗೆ ನೋಡಲಾರಿರಿ.

ಜನವರಿ ಹದಿನೆಂಟರ ಸಂಜೆ ಗಾಡಿಯನ್ನು ನಿಮ್ಮ ಗ್ಯಾರೇಜಿನಲ್ಲಿ ಬಿಟ್ಟು ಬಸ್ಸು ಹತ್ತಿದವನು ಮರುದಿನ ಮಚ್ಛೆಯ ನನ್ನ ವರ್ಕ್‌ಶಾಪಿನಿಂದಲೇ ಪೊಲೀಸರ ಜೀಪು ಹತ್ತಿದೆ. ನಂದಗಡದ ತೋಟದ ಮನೆಯಲ್ಲಿ ನನ್ನ ತಮ್ಮ ಸುಯಶನನ್ನು ಯಾರೋ ಕಾಲು ಮುರಿಯುವ ಹಾಗೆ ಬಡಿದಿದ್ದಾರೆ. ಬಡಿದವನು ಅಣ್ಣನೇ ಎಂದು ಅವನು ಹೇಳಿಕೆ ಕೊಟ್ಟಿದ್ದಾನೆ. ನಾನು ಅವನನ್ನು ಮುಟ್ಟಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಇನ್ನು ಗಾಡಿಯ ಮಾತು. ನಿಮ್ಮದು ಟ್ರ್ಯಾಕ್ಟರು, ಜೀಪು ಪಳಗಿಸಿದ ಕೈ. ನನ್ನ ಕಾರಿನ ಈ ರೋಟರಿ ಎಂಜಿನ್ನಿನ ನಮೂನೆಯೇ ಬೇರೆ. ಪಿಸ್ಟನ್ ಇಲ್ಲ, ಒಳಗೆ ಎರಡು ತ್ರಿಕೋನದ ರೋಟರುಗಳು ಗರಗರ ತಿರುಗುತ್ತವೆ. ಮೂಲೆಗೊಂದರಂತೆ ಆರು ಸೀಲು. ಅದರ ಜೀವವೆಲ್ಲ ಆ ಆರು ಪಟ್ಟಿಗಳಲ್ಲಿದೆ. ವಾರಕ್ಕೊಮ್ಮೆ ಚಾಲೂ ಮಾಡಿರಿ. ಮಾಡಿದ ಮೇಲೆ ಪೂರಾ ಬಿಸಿಯಾಗುವ ತನಕ ಬಂದ್ ಮಾಡಬೇಡಿರಿ, ಒಳಗೆ ಪೆಟ್ರೋಲು ತುಂಬಿ ಪ್ಲಗ್ಗು ತೊಯ್ಯುತ್ತವೆ. ಎಣ್ಣೆ ಕುಡಿಯುವುದು ಅದರ ಸ್ವಭಾವ, ರೋಗವಲ್ಲ. ಪ್ರತಿ ಸಲ ಅಳತೆಯ ಕಡ್ಡಿ ಎಳೆದು ನೋಡಿ ಎಣ್ಣೆ ಹಾಕಿರಿ. ಮೆಲ್ಲಗೆ ಓಡಿಸಿದರೆ ಮಸಿ ಕಟ್ಟುತ್ತದೆ. ಜಾಂಬೋಟಿ ರಸ್ತೆಗೆ ಒಯ್ದು, ಅದು ಕಿರುಚುವ ತನಕ ಒತ್ತಿರಿ.

ಸೀಲು ಬದಲಿಸುವ ಕೆಲಸ ಮಾತ್ರ ಸದ್ಯ ಬೇಡ. ನಾನು ತಿದ್ದಿಕೊಟ್ಟ ಹೊಸ ಸೀಲುಗಳು ಡಬ್ಬಿಯಲ್ಲೇ ಇರಲಿ.

ನಿಮ್ಮ
ಪದ್ಮಾಕರ


ಖಾನಾಪುರ
೧೦ ಫೆಬ್ರುವರಿ ೨೦೨೫

ಪದ್ಮಣ್ಣನವರಿಗೆ ಶರಣು ಶರಣಾರ್ಥಿ.

ನಿಮ್ಮ ಅಕ್ಷರ ನೋಡಿ ಕಣ್ಣು ತುಂಬಿದವು. ಊರಲ್ಲಿ ಒಬ್ಬೊಬ್ಬರು ಒಂದೊಂದು ಮಾತಾಡುತ್ತಾರೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇಪ್ಪತ್ತನೇ ತಾರೀಖು ಪೊಲೀಸರು ಇಲ್ಲಿಗೂ ಬಂದಿದ್ದರು. ಮುಂಜಾನೆ ಏಳಕ್ಕೆ, ಗಾಡಿ ತಣ್ಣಗೆ ನಿಂತಾಗ, ಚಾವಿ ತಿರುಗಿಸಿದರು. ಒಂದೇ ಸಲಕ್ಕೆ ಚಾಲೂ ಆಯಿತು. "ಗಾಡಿಗೇನೂ ಆಗಿಲ್ಲ, ಚಲೋ ಐತಿ" ಅಂತ ಬರೆದುಕೊಂಡು, ನನ್ನ ಸಹಿ ಹಾಕಿಸಿಕೊಂಡು ಹೋದರು. ನಿಮ್ಮ ಬಗ್ಗೆ ಕೇಳಿದಾಗ ನಾನು ಅಂದೆ: "ಸಾಹೇಬ್ರ, ಆ ಮನಶ್ಯಾ ಹಾದ್ಯಾಗ ಇರುವಿ ಸಾಲ ಕಂಡ್ರ ಗಾಡಿ ನಿಂದ್ರಿಸಿ ಬಾಜೂಕ ಹೊಳ್ಳಸ್ತಾನ. ಅಂಥಾವ ತಮ್ಮಗ ಕೈ ಹಚ್ಚತಾನ?" ಅವರು ನಕ್ಕರು. ನನಗೆ ಸಿಟ್ಟು ಬಂತು.

ಗಾಡಿ ನೀವು ಹೇಳಿದಂತೆಯೇ ನಡೆದಿದೆ. ಅಪ್ಪ ಗ್ಯಾರೇಜು ಬಿಟ್ಟುಹೋಗಿ ಹದಿನೈದು ವರ್ಷವಾಯಿತು, ಇಷ್ಟು ಜೋಪಾನ ಬೇಡುವ ಎಂಜಿನ್ನು ನಾನು ಕಂಡಿಲ್ಲ. ಮೊನ್ನೆ ಜಾಂಬೋಟಿ ರಸ್ತೆಗೆ ಒಯ್ದಿದ್ದೆ, ಮೂರು ಸಲ ಆಯಿತು. ನಡುವೆ ಚಹಾಕ್ಕೆ ನಿಲ್ಲಿಸಿದಾಗ ಹುಡುಗರೆಲ್ಲ ಸುತ್ತಿಕೊಂಡು ಫೋಟೋ ಹೊಡೆದರು.

ಸೀಲಿನ ಚಿಂತೆ ಬಿಡಿರಿ. ನೀವು ಹೊರಗೆ ಬಂದ ದಿನ ನಿಮಗೊಂದು ಖುಷಿ ಕಾದಿದೆ. ಈಗ ಹೇಳುವುದಿಲ್ಲ.

ಕಾಂತಾ


ಹಿಂಡಲಗಾ
೧೭ ಫೆಬ್ರುವರಿ ೨೦೨೫

ಕಾಂತಕ್ಕನವರಿಗೆ ಜಯ ಜಿನೇಂದ್ರ.

ಖುಷಿಯ ಮಾತು ಇರಲಿ. ಚಹಾಕ್ಕೆ ನಿಲ್ಲಿಸಿದೆ ಎಂದು ಬರೆದಿದ್ದೀರಿ. ಎಂಜಿನ್ನು ಬಂದ್ ಮಾಡಿದಿರೋ, ಚಾಲೂ ಇಟ್ಟೇ ಕುಡಿದಿರೋ? ಬಂದ್ ಮಾಡಿದ್ದರೆ ಮತ್ತೆ ಚಾಲೂ ಆಗಲು ಎಷ್ಟು ಹೊತ್ತು ಹಿಡಿಯಿತು? ಸುಮಾರಾಗಿ ಬೇಡ, ನಿಮಿಷ ಬರೆಯಿರಿ.

ಇಲ್ಲಿ ನನಗೆ ತೊಂದರೆಯಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಕೊಡಿ ಎಂದು ಕೇಳಿಕೊಂಡೆ, ಕೊಡುತ್ತಾರೆ. ಆದರೆ ನಿಮ್ಮ ಕಾಗದ ಬಂದಾಗಿನಿಂದ ಆ ಚಹಾದ ಒಂದೇ ಸಾಲು ತಲೆಯಲ್ಲಿ ತಿರುಗುತ್ತಿದೆ. ಡಬ್ಬಿ ತೆಗೆದು ನೋಡಿ, ಆರೂ ಸೀಲು ಇವೆಯೇ ಹೇಳಿರಿ.

ಬೇಗ ಬರೆಯಿರಿ.

ಪದ್ಮಾಕರ


ಖಾನಾಪುರ
೨೨ ಫೆಬ್ರುವರಿ ೨೦೨೫

ಪದ್ಮಣ್ಣನವರಿಗೆ ಶರಣು.

ನಿಮ್ಮ ಕಾಗದ ಓದಿ ಮನಸ್ಸಿಗೆ ಹತ್ತಿತು. ಹೆಣ್ಣುಮಗಳ ಕೈಗೆ ಎಂಜಿನ್ನು ಕೊಟ್ಟು ತಪ್ಪು ಮಾಡಿದೆ ಅಂತ ನಿಮಗೆ ಅನ್ನಿಸಿರಬೇಕು. ಬೇರೆಯವರು ಅಂದರೆ ಸೈ, ನೀವು ಅನ್ನುವವರಲ್ಲ ಅಂದುಕೊಂಡಿದ್ದೆ.

ಬಂದ್ ಮಾಡಿದ್ದೆ. ಮತ್ತೆ ಚಾಲೂ ಆಗಲು ಮುಕ್ಕಾಲು ತಾಸು ಹಿಡಿಯಿತು. ಮೊದಲಿನ ಹಾಗೆಯೇ ಇದೆ.

ಡಬ್ಬಿಯಲ್ಲಿ ಆರು ಸೀಲು ಇವೆ. ಎಣಿಸಿದ್ದೇನೆ.

ಕಾಂತಾ


ಹಿಂಡಲಗಾ
೪ ಮಾರ್ಚ್ ೨೦೨೫

ಕಾಂತಕ್ಕಾ, ಜಯ ಜಿನೇಂದ್ರ.

ನಿಮ್ಮ ಮನಸ್ಸು ನೋಯಿಸಿದೆ, ಕ್ಷಮಿಸಿರಿ. ಎದುರು ಪಕ್ಷಕ್ಕೆ ಮೊದಲೇ ತಿಳಿಯಬಾರದೆಂದು ವಕೀಲರು ಹೇಳಿದ್ದರು, ಅದಕ್ಕೇ ಬಾಯಿ ಕಟ್ಟಿಕೊಂಡಿದ್ದೆ. ಈಗ ಎಲ್ಲ ಕೋರ್ಟಿನ ಮುಂದೆ ಇದೆ, ಬರೆಯಬಹುದು.

ನಮ್ಮವ್ವ ಸೋನಾಬಾಯಿ ಡಿಸೆಂಬರದಲ್ಲಿ ತೀರಿಕೊಂಡಾಗ ನಾನು ಕೊಲ್ಹಾಪುರದಲ್ಲಿದ್ದೆ. ಎರಡು ತಾಸು ಕಾಯಿ ಎಂದು ಸುಯಶನಿಗೆ ಫೋನಿನಲ್ಲಿ ಕೈ ಮುಗಿದೆ. ಕಾಯಲಿಲ್ಲ. ನಾನು ಬರುವಷ್ಟರಲ್ಲಿ ಬೂದಿಯಾಗಿದ್ದಳು. ಆ ವಿಷಯ ಮಾತಾಡಲೆಂದು ಹದಿನೆಂಟನೇ ತಾರೀಖು ನಂದಗಡಕ್ಕೆ ಹೊರಟೆ. "ಬರಾಕತ್ತೀನಿ, ಮನಿ ಬಿಟ್ಟು ಹೋಗಬ್ಯಾಡ" ಎಂದು ಫೋನು ಮಾಡಿಯೇ ಹೊರಟಿದ್ದೆ. ಅದೇ ಈಗ ನನಗೆ ಮುಳುವಾಗಿದೆ.

ಖಾನಾಪುರ ತಲುಪಿದಾಗ ಸೂರ್ಯ ಮುಳುಗುವುದರಲ್ಲಿದ್ದ. ಹೊತ್ತು ಮುಳುಗಿದ ಮೇಲೆ ನಾನು ನೀರೂ ಮುಟ್ಟುವುದಿಲ್ಲ ಎಂಬುದು ನಿಮಗೆ ಗೊತ್ತು. ಮಲಪ್ರಭೆಯ ದಂಡೆಗೆ ಗಾಡಿ ನಿಲ್ಲಿಸಿ, ಬಂದ್ ಮಾಡಿ, ಊಟದ ಡಬ್ಬಿ ಬಿಚ್ಚಿ ಎರಡು ಚಪಾತಿ ತಿಂದೆ. ಆರು ಗಂಟೆ ಹತ್ತು ನಿಮಿಷ. ಮತ್ತೆ ಚಾವಿ ತಿರುಗಿಸಿದರೆ ಚಾಲೂ ಆಗಲಿಲ್ಲ. ಆ ಸವೆದ ಸೀಲುಗಳಿಂದ ಬಿಸಿ ಇದ್ದಾಗ ಅದು ಚಾಲೂ ಆಗುವುದೇ ಇಲ್ಲ ಎಂದು ನಿಮಗೆ ಎಷ್ಟು ಸಲ ಹೇಳಿಲ್ಲ? ಏಳಕ್ಕೆ ಚಾಲೂ ಆಯಿತು. ನಂದಗಡಕ್ಕೆ ಹೋಗುವ ಮನಸ್ಸು ಅಷ್ಟರಲ್ಲಿ ಮುಗಿದಿತ್ತು. ತಿರುಗಿಸಿಕೊಂಡು ನಿಮ್ಮಲ್ಲಿಗೆ ಬಂದೆ. ಸುಯಶನ ಕೂಗು ಬಾಜೂ ಮನೆಯವರಿಗೆ ಕೇಳಿದ್ದು ಆರೂವರೆಗೆ.

ನನ್ನನ್ನು ನದಿಯ ದಂಡೆಯಲ್ಲಿ ಕಂಡವರು ಯಾರೂ ಇಲ್ಲ, ಗಾಡಿಯೊಂದೇ ಸಾಕ್ಷಿ. ವಕೀಲರಾದ ಪ್ರಮಿಳಾ ಬಾಯಿಯವರು ನ್ಯಾಯಾಧೀಶರನ್ನು ಒಪ್ಪಿಸಿದ್ದಾರೆ. ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಸಾರಿಗೆಯ ಇನ್ಸ್‌ಪೆಕ್ಟರರು ಗಾಡಿಯನ್ನು ಮಚ್ಛೆಯಿಂದ ನದಿಯ ತನಕ ಓಡಿಸಿ, ಬಂದ್ ಮಾಡಿ, ಮತ್ತೆ ಚಾಲೂ ಮಾಡಿ ನೋಡುತ್ತಾರೆ. ಮುಕ್ಕಾಲು ತಾಸು ಹಿಡಿಯಿತು ಎಂಬ ನಿಮ್ಮ ಕಾಗದವನ್ನೂ ವಕೀಲರು ಅರ್ಜಿಯ ಜೊತೆಗೆ ಹಚ್ಚಿದ್ದಾರೆ.

ಕಾಂತಕ್ಕಾ, ಗಾಡಿ ಚಾಲೂ ಆಗದಿರಲಿ ಎಂದು ಬೇಡಿಕೊಳ್ಳುವ ಮಾಲಕ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ನಿಮ್ಮ ಪದ್ಮಾಕರ


ಹಿಂಡಲಗಾ
೧೪ ಮಾರ್ಚ್ ೨೦೨೫

ಕಾಂತಕ್ಕನವರಿಗೆ.

ಹತ್ತು ದಿನವಾಯಿತು. ಉತ್ತರವಿಲ್ಲ. ಪ್ರಮಿಳಾ ಬಾಯಿಯವರು ಎರಡು ಸಲ ಫೋನು ಮಾಡಿದರೆ ನೀವು ಎತ್ತಲಿಲ್ಲವಂತೆ. ಆರಾಮ ಇಲ್ಲವೇ? ಗಾಡಿಗೆ ಏನಾದರೂ ಆಗಿದೆಯೇ? ಏನೇ ಇರಲಿ, ಒಂದು ಸಾಲು ಬರೆಯಿರಿ.

ಪದ್ಮಾಕರ


ಖಾನಾಪುರ
೧೬ ಮಾರ್ಚ್ ೨೦೨೫

ಪದ್ಮಣ್ಣಾ,

ನಿಮ್ಮ ಮೊದಲ ಕಾಗದ ಬರುವ ಮೊದಲೇ ನಾನು ಎಂಜಿನ್ನು ಬಿಚ್ಚಿದ್ದೆ. ಜನವರಿ ಇಪ್ಪತ್ತೊಂಬತ್ತಕ್ಕೆ. ನಿಮ್ಮ ಹೊಸ ಸೀಲುಗಳನ್ನು ಕೂಡಿಸಿ ಮುಗಿಸಿದ್ದು ಮೂರು ದಿನಕ್ಕೆ. ಜಾಂಬೋಟಿ ರಸ್ತೆಗೆ ಮತ್ತೆ ಮತ್ತೆ ಒಯ್ದದ್ದು ಹೊಸ ಸೀಲು ಒಗ್ಗಲಿ ಎಂದು. ಚಹಾ ಕುಡಿದು ಬಂದು ಚಾವಿ ತಿರುಗಿಸಿದರೆ, ಬಿಸಿ ಇದ್ದ ಹಾಗೆಯೇ, ಒಂದೇ ಸಲಕ್ಕೆ ಚಾಲೂ ಆಯಿತು. ಹೋಟೆಲಿನವರ ಎದುರಿಗೆ ನಾನು ಕುಣಿದಿದ್ದೆ. ಅದೇ ನಿಮಗೆ ಕಾದಿಟ್ಟ ಖುಷಿ.

ಡಬ್ಬಿಯಲ್ಲಿ ಆರು ಸೀಲು ಇವೆ ಎಂದು ಬರೆದದ್ದು ಸುಳ್ಳಲ್ಲ. ಹಳೆಯವು ಇವೆ. ಮುಕ್ಕಾಲು ತಾಸು ಎಂದದ್ದು ಮಾತ್ರ ಸುಳ್ಳು. ಹೇಳದೆ ಬಿಚ್ಚಿದ್ದಕ್ಕೆ ನೀವು ಬೈಯುತ್ತೀರಿ ಎಂಬ ಅಂಜಿಕೆಗೆ ಬರೆದೆ. ಆ ಸುಳ್ಳು ಕೋರ್ಟಿಗೆ ಹೋಗಿ ಕೂತಿದೆ.

ಯಾಕೆ ಬಿಚ್ಚಿದೆ ಎಂದರೆ, ನೀವು ನವೆಂಬರದಲ್ಲೇ ಸೀಲು ತಂದುಕೊಟ್ಟಿದ್ದಿರಿ. ಟ್ರ್ಯಾಕ್ಟರಿನ ಕೆಲಸ ಇದೆ ಎಂದು ನಾನು ಎರಡು ತಿಂಗಳು ಮುಂದೆ ದೂಡಿದೆ. ಕೆಲಸ ಇತ್ತೆಂಬುದು ನೆಪ, ಆ ಎಂಜಿನ್ನು ಬಿಚ್ಚಲು ನನಗೆ ಧೈರ್ಯ ಇರಲಿಲ್ಲ. ನಿಮ್ಮನ್ನು ಒಯ್ದ ಸುದ್ದಿ ಕೇಳಿದಾಗ, ಕೊಟ್ಟ ಮಾತಾದರೂ ಮುಗಿಸೋಣ ಎಂದು ಬಿಚ್ಚಿದೆ.

ಈ ಹತ್ತು ದಿನ ಡಬ್ಬಿ ಎದುರಿಗೆ ಇಟ್ಟುಕೊಂಡು ಕೂತಿದ್ದೇನೆ. ಒಂದೊಂದು ಸೀಲಿಗೂ ಅದರ ಜಾಗದ ಸಂಖ್ಯೆ ಹಚ್ಚಿದ್ದೇನೆ. ಬಾಗಿಲು ಹಾಕಿಕೊಂಡು ಮೂರು ದಿನ ದುಡಿದರೆ ಅವು ಮತ್ತೆ ಒಳಗೆ ಕೂಡುತ್ತವೆ. ಇಪ್ಪತ್ತೊಂಬತ್ತಕ್ಕೆ ಗಾಡಿ ಚಾಲೂ ಆಗುವುದಿಲ್ಲ. ಯಾರಿಗೂ ತಿಳಿಯುವುದಿಲ್ಲ. ಒಂದು ದಿನ ಎಂಜಿನ್ನನ್ನು ಕೆಳಗೆ ಇಳಿಸಿಯೂ ಬಿಟ್ಟಿದ್ದೆ. ಆಮೇಲೆ, ಯಾರಾದರೂ ಮುಂದೊಂದು ದಿನ ಬಿಚ್ಚಿ, ಹೊಸ ಗ್ಯಾಸ್ಕೆಟ್ಟು ಕಂಡು, ಇದೇನು ಎಂದು ಕೇಳಿದರೆ, ನೀವು ನದಿಯ ದಂಡೆಯಲ್ಲಿ ಇದ್ದದ್ದೂ ಸುಳ್ಳೇ ಎಂದಾಗುತ್ತದಲ್ಲ ಎಂದು ಕೈ ನಿಂತಿತು.

ನಿನ್ನೆ ಬೆಳಗಾವಿಗೆ ಹೋಗಿ ಪ್ರಮಿಳಾ ಬಾಯಿಯವರಿಗೆ ಎಲ್ಲ ಹೇಳಿದೆ. ಅವರು ಎಲ್ಲ ಬರೆದುಕೊಂಡರು. ಆಮೇಲೆ, "ಇದನ್ನ ಕೋರ್ಟಿನ್ಯಾಗ ನಿಂತ ಹೇಳ್ತೀರೇನು?" ಎಂದರು. ಹೇಳುತ್ತೇನೆ ಎಂದೆ.

ಕ್ಷಮಿಸಿರಿ ಎಂದು ಬರೆಯಲು ಮುಖವಿಲ್ಲ.

ಕಾಂತಾ


ಹಿಂಡಲಗಾ
೨೧ ಮಾರ್ಚ್ ೨೦೨೫

ಕಾಂತಾ ಅವರಿಗೆ.

ಬೇಡ ಎಂದು ಸ್ಪಷ್ಟವಾಗಿ ಬರೆದಿದ್ದೆ. ಮೊದಲೇ ಬಿಚ್ಚಿದ್ದರೆ ಆ ದಿನವೇ ಹೇಳಬಹುದಿತ್ತು. ಸುಳ್ಳು ಬರೆದಿರಿ. ಬರೆದ ಮೇಲೆ ಅದನ್ನು ಕೊನೆಯ ತನಕ ಉಳಿಸಿಕೊಳ್ಳುವ ಗಟ್ಟಿತನವೂ ನಿಮ್ಮಲ್ಲಿ ಇರಲಿಲ್ಲ. ನಿಮ್ಮ ಮನಸ್ಸು ಹಗುರಾಯಿತು, ನಾನು ಇಲ್ಲೇ ಉಳಿದೆ.

ಇನ್ನು ಗಾಡಿಯನ್ನು ಮುಟ್ಟಬೇಡಿರಿ. ನನಗೆ ಬರೆಯಲೂ ಬೇಡಿರಿ.

ಪದ್ಮಾಕರ


ಖಾನಾಪುರ
೫ ಏಪ್ರಿಲ್ ೨೦೨೫

ಪದ್ಮಣ್ಣಾ,

ಬರೆಯಬೇಡ ಎಂದಿದ್ದೀರಿ. ಇದೊಂದು ಓದಿ ಹರಿದು ಹಾಕಿರಿ. ಪ್ರಮಿಳಾ ಬಾಯಿಯವರು ಕಾನೂನಿನ ಮಾತು ಹೇಳಿರುತ್ತಾರೆ. ಕಣ್ಣಾರೆ ಕಂಡದ್ದನ್ನು ನಾನು ಹೇಳಬೇಕು.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ನನ್ನ ಕಾಗದ ಎತ್ತಿ ಹಿಡಿದು, "ಒಂದ ಸಲ ಸುಳ್ಳ ಬರದಾಕಿ ನೀವು. ಈಗ ಖರೇ ಹೇಳಾಕತ್ತೀರಿ ಅಂತ ಹ್ಯಾಂಗ ನಂಬೂದು?" ಎಂದರು. "ನನ್ನ ನಂಬಬ್ಯಾಡ್ರಿ ಸಾಹೇಬ್ರ. ಈ ಸೀಲ ನೋಡ್ರಿ" ಎಂದು ಡಬ್ಬಿ ಮೇಜಿನ ಮೇಲೆ ಇಟ್ಟೆ. ಬಿಚ್ಚುವಾಗ ಫೋನಿನಲ್ಲಿ ತೆಗೆದ ಫೋಟೋಗಳಲ್ಲಿ ತಾರೀಖು ಇತ್ತು. ಹಳೆಯ ಸೀಲುಗಳನ್ನು ಇನ್ಸ್‌ಪೆಕ್ಟರರ ಕಣ್ಣೆದುರಿಗೇ ಮತ್ತೆ ಕೂಡಿಸಿ ಪರೀಕ್ಷೆ ಮಾಡಿ ಎಂದು ನ್ಯಾಯಾಧೀಶರು ಹೇಳಿದರು.

ಎರಡು ದಿನ ಇನ್ಸ್‌ಪೆಕ್ಟರರು, ಪೊಲೀಸರು, ಇಬ್ಬರು ಪಂಚರು ನನ್ನ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಒಂದೊಂದು ಸೀಲನ್ನೂ ಅಳೆದು ಬರೆದರು. ಹೊಸದಕ್ಕಿಂತ ಒಂದು ಮಿಲಿಮೀಟರಿಗೂ ಹೆಚ್ಚು ಸವೆದಿದ್ದವು. ಸವೆದ ಗುರುತು ಎಂಜಿನ್ನಿನ ಒಳಗೋಡೆಯ ಗುರುತಿಗೆ ಸರಿಯಾಗಿ ಕೂಡಿತು.

ಏಪ್ರಿಲ್ ಎರಡಕ್ಕೆ ಮಚ್ಛೆಯಿಂದ ಹೊರಟೆವು. ಇನ್ಸ್‌ಪೆಕ್ಟರರು ಓಡಿಸಿದರು, ನಾನು ಹಿಂದೆ ಪೊಲೀಸ್ ಜೀಪಿನಲ್ಲಿ. ನದಿಯ ದಂಡೆಗೆ ಬಂದ್ ಮಾಡಿದರು. ಹತ್ತು ನಿಮಿಷ ಬಿಟ್ಟು ಚಾವಿ ತಿರುಗಿಸಿದರು. ಕರ್‌ ಕರ್‌ ಎಂದಿತು, ಹತ್ತಲಿಲ್ಲ. ಮತ್ತೆ ಐದು ನಿಮಿಷಕ್ಕೆ, ಮತ್ತೆ ಐದಕ್ಕೆ. ಬ್ಯಾಟರಿ ಹೋದೀತೆಂದು ಎರಡನೆಯದನ್ನು ಜೋಡಿಸಿದರು, ಹತ್ತಲಿಲ್ಲ. ನಲವತ್ತೆಂಟನೇ ನಿಮಿಷಕ್ಕೆ ಬಿಳಿ ಹೊಗೆ ಉಗುಳಿ ಚಾಲೂ ಆಯಿತು. ಇನ್ಸ್‌ಪೆಕ್ಟರರು ಗಡಿಯಾರ ನೋಡಿ ಬರೆದರು.

ಅಲ್ಲಿಗೆ ನಿಮ್ಮ ತಮ್ಮನೂ ಬಂದಿದ್ದ. ಅವನನ್ನು ನಾನು ಈ ಮೊದಲು ನೋಡಿರಲಿಲ್ಲ. ಆಟೋದಲ್ಲಿ, ಕಾಲಿಗೆ ಪಟ್ಟಿ, ಬಾಜೂಕ ಅವನನ್ನು ಆ ದಿನ ಎತ್ತಿ ಕೂಡಿಸಿದ, ಪಕ್ಕದ ಮನೆಯ ಭರಮವ್ವ. ಆ ನಲವತ್ತೆಂಟು ನಿಮಿಷವೂ ಗಾಡಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಕೊನೆಗೆ ನನ್ನನ್ನು ಕರೆದು, "ಅಕ್ಕಾರ, ನಾ ಅವನ ಮಾರಿ ನೋಡಿಲ್ಲರಿ" ಎಂದ. "ಬರ್ತೀನಿ ಅಂತ ಫೋನ್ ಮಾಡಿದ್ದ. ಬಾಗಲಾ ಬಡದ್ರು. ಅಣ್ಣನ ಅಂತ ತಗದೆ. ಕರೆಂಟ್ ಇರಲಿಲ್ಲ. ಬಡದಾವ ಅಣ್ಣನ ಅಂತನ ತಿಳಕೊಂಡೆ."

ನಾನೇ ಕೇಳಿಬಿಟ್ಟೆ, ಅವ್ವನ ವಿಷಯ. ಅವನು ಅತ್ತ. "ಹೊತ್ತ ಮುಳಗೂದ್ರಾಗ ಮುಗಸು, ಯಾರಿಗೂ ಕಾಯಬ್ಯಾಡ ಅಂತ ಅವ್ವನ ಹೇಳಿದ್ಲು. ಜೀವಾ ಹೋದ ದೇಹಾ ಹೊತ್ತಗಟ್ಲೆ ಇಡಬಾರದು ಅಂತ. ಅಣ್ಣಗ ಹೇಳಾಕ ಹೋದ್ರ ಫೋನ್ ಇಟ್ಟಬಿಡತಿದ್ದ."

ಹೋಗುವಾಗ ಕೇಳಿದ: "ಅಣ್ಣ ಅವತ್ತ ಮಾತಾಡಾಕನ ಬರಾಕತ್ತಿದ್ದಲ್ರಿ?" "ಹೌದಪಾ, ಮತ್ಯಾಕ?" ಎಂದೆ. ಮಾರಿ ನೋಡಿಲ್ಲ ಎಂದು ಕೋರ್ಟಿಗೆ ಬರೆದುಕೊಡುತ್ತಾನಂತೆ. ಸೋಮವಾರ ಜಾಮೀನಿನ ಆದೇಶ.

ಕಾಂತಾ


ಮಚ್ಛೆ
೧೮ ಜೂನ್ ೨೦೨೫

ಕಾಂತಕ್ಕನವರಿಗೆ ಜಯ ಜಿನೇಂದ್ರ.

ಹೊರಗೆ ಬಂದು ಎರಡು ತಿಂಗಳಾಯಿತು. ಖಾನಾಪುರ ಅರ್ಧ ತಾಸಿನ ಹಾದಿ. ಫೋನೂ ಕೈಯಲ್ಲಿದೆ. ಆದರೂ ಕಾಗದವನ್ನೇ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಎದುರಿಗೆ ನಿಂತು ಹೇಳಲು ಆಗುವುದಿಲ್ಲ.

ಪಂಪಿನ ತಾಮ್ರದ ತಂತಿ ಕದಿಯುವ ಇಬ್ಬರು ಸಿಕ್ಕರು. ಸುಯಶನ ಮನೆಗೆ ನುಗ್ಗಿದ್ದು ತಾವೇ ಎಂದು ಒಪ್ಪಿಕೊಂಡರು. ಕಳೆದ ವಾರ ಪ್ರಕರಣದಿಂದ ನನ್ನ ಹೆಸರು ತೆಗೆದರು. ವರ್ಕ್‌ಶಾಪಿನಲ್ಲಿ ಪೇಢೆ ಹಂಚಿದರು. ನಾನು ಒಂದೂ ತಿನ್ನಲಿಲ್ಲ.

ಸೀಲು ತಡವಾಗಿ ಹಾಕಿದೆನೆಂದು ನೀವು ಬರೆದಿದ್ದಿರಿ. ನವೆಂಬರದಲ್ಲೇ ಹಾಕಿದ್ದರೆ ನಾನು ದಂಡೆಯಲ್ಲಿ ಸಿಕ್ಕಿಬೀಳುತ್ತಿರಲಿಲ್ಲ, ಜೈಲು ಕಾಣುತ್ತಿರಲಿಲ್ಲ ಎಂಬ ಕೊರಗು ನಿಮಗೆ ಇನ್ನೂ ಇರಬಹುದು. ಅದನ್ನು ಇಳಿಸುವ ಸಲುವಾಗಿಯಾದರೂ ಖರೇ ಹೇಳಬೇಕು.

ನಾನು ಮಾತಾಡಲು ಹೊರಟಿರಲಿಲ್ಲ. ಲೇಥಿನ ಬಾಜೂಕ ಬಿದ್ದಿದ್ದ ಎರಡು ಅಡಿಯ ಕಬ್ಬಿಣದ ಸಳಿಯನ್ನು ಸೀಟಿನ ಕೆಳಗೆ ಇಟ್ಟುಕೊಂಡು ಹೊರಟಿದ್ದೆ. ಹಾದಿಯುದ್ದಕ್ಕೂ ಅವನ ತಲೆಯೇ ಕಣ್ಣ ಮುಂದೆ ಇತ್ತು. ಹೊತ್ತು ಮುಳುಗುತ್ತದೆ ಎಂದು ಊಟಕ್ಕೆ ನಿಲ್ಲಿಸಿದೆ. ವ್ರತ ಕೆಡಬಾರದಲ್ಲ! ತಮ್ಮನನ್ನು ಬಡಿಯಲು ಹೊರಟವನು ಹುಳ ಬಿದ್ದೀತೆಂದು ದೀಪ ಹಚ್ಚುವ ಮೊದಲೇ ಉಣ್ಣುತ್ತಿದ್ದೆ. ಆಮೇಲೆ ಗಾಡಿ ಚಾಲೂ ಆಗಲಿಲ್ಲ. ಚಾವಿ ತಿರುಗಿಸಿ 'ಹತ್ತು, ಹತ್ತು' ಎಂದು ಸ್ಟೇರಿಂಗಿಗೆ ಗುದ್ದಿದೆ. ಬೆರಳಿನಿಂದ ರಕ್ತ ಬಂತು. ಅರ್ಧ ತಾಸಿನ ನಂತರ ಗುದ್ದುವುದನ್ನು ಬಿಟ್ಟೆ. ಎಂಜಿನ್ನು ತಣ್ಣಗಾದಾಗ ನಾನೂ ತಣ್ಣಗಾಗಿದ್ದೆ. ಇಷ್ಟೇ.

ನೀವು ಹೇಳಿದ ದಿನಕ್ಕೆ ಕೆಲಸ ಮುಗಿಸಿದ್ದರೆ ಅದು ಚಾಲೂ ಆಗುತ್ತಿತ್ತು. ನಾನು ಆರೂವರೆಗೆ ನಂದಗಡದಲ್ಲಿ ಇರುತ್ತಿದ್ದೆ. ಇರುವೆಯ ಕಥೆ ನೀವು ಪೊಲೀಸರಿಗೆ ಹೇಳಿದ್ದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಸಳಿಯನ್ನು ಆ ಸಂಜೆ ನಿಮ್ಮ ಗ್ಯಾರೇಜಿನ ಸಳಿಗಳ ನಡುವೆ ಒಗೆದು ಬಂದೆ. ಒಂದು ತುದಿ ನೀಲಿ ಇದೆ.

ಪದ್ಮಾಕರ


ಖಾನಾಪುರ
೨೪ ಜೂನ್ ೨೦೨೫

ಪದ್ಮಣ್ಣನವರಿಗೆ.

ನೀಲಿ ತುದಿಯ ಸಳಿ ಸಿಕ್ಕಿತು. ಅದನ್ನೇ ಸನ್ನೆಗೋಲಿನ ಹಾಗೆ ಕೊಟ್ಟು ನಿಮ್ಮ ಎಂಜಿನ್ನು ಎತ್ತಿದ್ದೆ, ಜನವರಿಯಲ್ಲೂ, ಮಾರ್ಚಿನಲ್ಲೂ. ಕೈಗೆ ಚಲೋ ಕೂಡುತ್ತದೆ ಎಂದುಕೊಂಡಿದ್ದೆ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಸಿಟ್ಟಿಲ್ಲ, ಹೆದರಿಕೆ ಆಗಿದೆ. ನಾನು ಕೋರ್ಟಿನಲ್ಲಿ ಎಂಜಿನ್ನಿನ ಬಗ್ಗೆ ಹೇಳಿದ್ದೆಲ್ಲ ಖರೇ. ನಿಮ್ಮ ಬಗ್ಗೆ ಊರಿಗೆಲ್ಲ ಹೇಳಿದ್ದು ನನಗೆ ತಿಳಿಯದ ಮಾತು.

ಸುಯಶ ಈಗ ಕೋಲು ಹಿಡಿದು ನಡೆಯುತ್ತಾನೆ. ಖಾನಾಪುರಕ್ಕೆ ಬಂದಾಗ ಗ್ಯಾರೇಜಿನ ಕಟ್ಟೆಗೆ ಕೂತು ಹೋಗುತ್ತಾನೆ, ನಿಮ್ಮದೇ ಮಾತು. ಅಣ್ಣನ ಮೇಲೆ ಸುಳ್ಳು ಹೇಳಿಕೆ ಕೊಟ್ಟೆ, ಯಾವ ಮುಖ ಹೊತ್ತು ಮಚ್ಛೆಗೆ ಹೋಗಲಿ ಎನ್ನುತ್ತಾನೆ. ಮಾತಾಡಲು ಬರುತ್ತಿದ್ದವನನ್ನು ಜೈಲಿಗೆ ಕಳಿಸಿದೆ ಎಂದು ತನ್ನನ್ನೇ ಬೈದುಕೊಳ್ಳುತ್ತಾನೆ. ಹಾಗಲ್ಲ ಎಂದು ನಾನು ಹೇಳುವಂತಿಲ್ಲ. ಹೌದು ಎಂದು ಇನ್ನೊಮ್ಮೆ ಹೇಳಲಾರೆ. ಒಂದು ಸುಳ್ಳು ಬರೆದು ಹತ್ತು ದಿನ ನಾನು ಅನುಭವಿಸಿದ್ದು ಸಾಕು.

ಕೋರ್ಟಿನವರು ಹಳೆಯ ಸೀಲು ಒಯ್ದ ಮೇಲೆ ಹೊಸದನ್ನು ಮತ್ತೆ ಕೂಡಿಸಿದ್ದೇನೆ. ಗಾಡಿ ತಯಾರಿದೆ. ಆದರೆ ಚಾವಿ ಈಗಲೇ ಕೊಡುವುದಿಲ್ಲ. ಮೊದಲು ನಂದಗಡಕ್ಕೆ ಹೋಗಿ ಬರ್ರಿ. ನನಗೆ ಬರೆದದ್ದನ್ನು ಅವನ ಎದುರಿಗೆ ಕೂತು ಬಾಯಿಂದ ಹೇಳ್ರಿ.

ಬಸ್ಸಿನಲ್ಲಿ ಹೋಗಿರಿ.

ಕಾಂತಾ


ನಂದಗಡ
೨ ಜುಲೈ ೨೦೨೫

ಕಾಂತಕ್ಕಾ,

ಮಧ್ಯಾಹ್ನದ ಬಸ್ಸಿಗೆ ಬಂದೆ. ಸುಯಶ ಹೊರಗೆ ಹಾಸಿಗೆಯ ಮೇಲೆ ಕಾಲು ಚಾಚಿಕೊಂಡಿದ್ದ. ನನ್ನನ್ನು ಕಂಡು ಏಳಲು ಹೋದ. ಕೂಡು ಎಂದೆ. ನಿಂತೇ ಹೇಳಿದೆ, ಕೂತರೆ ಬಾಯಿ ಬರುತ್ತಿರಲಿಲ್ಲ.

ಕೇಳಿ ಕಾಲು ಕೆಳಗೆ ಇಳಿಸಿ ಕೂತ. ಆಮೇಲೆ, "ಇನ್ನೊಮ್ಮೆ ಹೇಳು" ಎಂದ. ಇನ್ನೊಮ್ಮೆ ಹೇಳಿದೆ, ಸಳಿಯ ಉದ್ದದ ಸಮೇತ. "ತಲಿಗೇನು?" ಎಂದು ಕೇಳಿದ. ಹೌದು ಎಂದೆ. "ಕಾಲಿಗೆ ಬಡದಾವ್ರ ಚಲೋ ಮಂದಿ ಹಂಗಾರ" ಎಂದ. ನಗಲಿಲ್ಲ, ಅಳಲೂ ಇಲ್ಲ. ಒಳಗೆ ಹೋಗಬೇಕೆಂದು ಕೋಲಿಗೆ ಕೈ ಹಾಕಿದ, ಅದು ಜಾರಿತು. ನಾನು ರಟ್ಟೆ ಹಿಡಿದೆ. ಕೊಸರಿಕೊಳ್ಳಲಿಲ್ಲ.

ಇರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮುಂದಿನ ಬುಧವಾರ ಅವನು ಬೆಳಗಾವಿಗೆ ಡಾಕ್ಟರ ಹತ್ತಿರ ಹೋಗಬೇಕಂತೆ. ನಾನು ಗಾಡಿ ತರಲೇ ಎಂದು ಕೇಳಿದೆ. ಡಾಕ್ಟರ ಚೀಟಿ ತಂದು ನನ್ನ ಬಾಜೂಕ ಇಟ್ಟು ಹೋದ.

ಮಂಗಳವಾರ ಎಣ್ಣೆ ನೋಡಿ ಇಡಿರಿ.

ಪದ್ಮಾಕರ